ಮ್ಯಾಪ್ ನೀಲಿ, ರಸ್ತೆ ಬಿಳಿ

ನಮ್ಮ ಕಡೆ ರಸ್ತೆ ಮೇಲೆ ಐಸ್ ಕಟ್ಟಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ತಾಪಮಾನವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ನಮ್ಮ ಟೀಮ್‌ನವರೊಬ್ಬರು ‘ಬ್ಲ್ಯಾಕ್ ಐಸ್’ ಬಗ್ಗೆ ಹೇಳ್ತಿರ್ತಾರೆ. ಗಾಜಿನಂಥ ತೆಳು ಪದರ, ನೋಡಿದ್ರೆ ಬರೀ ಒದ್ದೆ ರಸ್ತೆ ಅನ್ಸುತ್ತೆ, ಬ್ರೇಕ್ ಹಾಕಿದಾಗಲೇ ಗೊತ್ತಾಗೋದು. ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಹಾಕಿಸಲೇಬೇಕು ಅಂತ ಕಾನೂನೇ ಇದೆ.

ನಮಗಿರೋದು ಮಂಜು. ಮಾಗಿ ಚಳಿ ಶುರುವಾದ್ರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಿಂದ ಬೆಳಗ್ಗೆ ಬೆಂಗಳೂರಿಗೆ ಹೊರಡೋರಿಗೆಲ್ಲ ಇದು ಗೊತ್ತು. ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಅದಕ್ಕೆ ತಾಗಿದ ತೇವದ ಗಾಳಿ ಸಣ್ಣ ಸಣ್ಣ ಹನಿಯಾಗುತ್ತೆ. ಕೆರೆ, ಹೊಳೆ, ತೋಟ ಇರೋ ತಗ್ಗಿನಲ್ಲಿ ಇನ್ನೂ ದಟ್ಟ. ಒಂದು ಕಿಲೋಮೀಟರ್ ಬಿಸಿಲು, ಮುಂದಿನ ತಿರುವಿನಲ್ಲಿ ಬರೀ ಬಿಳುಪು.

ನಾನು ರಾಮನಗರದಿಂದ ವಾರಕ್ಕೆ ಮೂರು ದಿನ ಆಫೀಸಿಗೆ ಹೋಗ್ತೀನಿ. ಒಂದೂವರೆ ಗಂಟೆ ಮೊದಲೇ ಹೊರಟಿದ್ದರೂ ಕಳೆದ ಚಳಿಗಾಲದಲ್ಲಿ ಒಂದು ದಿನ, ‘ಮಂಜು ಇದೆ, ಇಪ್ಪತ್ತು ನಿಮಿಷ ತಡ ಆಗುತ್ತೆ’ ಅಂತ ಗ್ರೂಪಿಗೆ ಮೆಸೇಜ್ ಹಾಕಬೇಕಾಯ್ತು. ಉತ್ತರವಾಗಿ ಒಂದು ಸ್ಕ್ರೀನ್‌ಶಾಟ್ ಬಂತು: ‘ಮ್ಯಾಪ್‌ನಲ್ಲಿ ಪೂರ್ತಿ ನೀಲಿ ಇದೆಯಲ್ಲ?’

ಹೌದು, ನೀಲಿ ಇತ್ತು. ಮ್ಯಾಪ್ ಸುಳ್ಳು ಹೇಳಿರಲಿಲ್ಲ. ಅದು ನೋಡೋದು ರಸ್ತೆಯಲ್ಲಿರುವ ಫೋನ್‌ಗಳು ಎಷ್ಟು ವೇಗವಾಗಿ ಚಲಿಸ್ತಿವೆ ಅನ್ನೋದನ್ನ. ಎಲ್ಲರೂ ಕಣ್ಣು ಕಾಣದೆಯೂ 80ರಲ್ಲಿ ಹೋಗ್ತಿದ್ರೆ, ರಸ್ತೆ ಆರಾಮಾಗಿದೆ ಅಂತಲೇ ತೋರಿಸುತ್ತೆ. ವೇಗ ಅದಕ್ಕೆ ಗೊತ್ತು. ಮುಂದೆ ಎಷ್ಟು ದೂರ ಕಾಣ್ತಿದೆ ಅನ್ನೋದು ಗೊತ್ತಿಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ ವೇಗದ ಮಿತಿ 100. ಆ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತೆ. ಅಡ್ಡ ಬಂದದ್ದು ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಅಂದ್ರೂ 42 ಮೀಟರ್ ಮುಗೀತು. ಒಣ ರಸ್ತೆಯಲ್ಲಿ ನಿಲ್ಲೋಕೆ ಇನ್ನೊಂದು 55 ಮೀಟರ್. ಒಟ್ಟು ನೂರರ ಹತ್ತಿರ. 60ರಲ್ಲಿದ್ರೆ ಸುಮಾರು 45 ಮೀಟರ್, 40ರಲ್ಲಿದ್ರೆ 25. ಮಂಜಿಗೆ ರಸ್ತೆ ಒದ್ದೆಯಾಗಿದ್ರೆ ಇವೆಲ್ಲಕ್ಕೂ ಇನ್ನಷ್ಟು ಸೇರಿಸಿ. ಅಂದ್ರೆ 50 ಮೀಟರ್ ಮಾತ್ರ ಕಾಣೋವಾಗ 100ರಲ್ಲಿ ಹೋಗುವವನು, ಹಿಂದಿನ ಲೈಟಿಲ್ಲದೆ ನಿಂತಿರೋ ಲಾರಿಯನ್ನ ನೋಡಬಹುದು. ಅದಕ್ಕೆ ಗುದ್ದದೆ ನಿಲ್ಲಿಸೋಕೆ ಆಗಲ್ಲ.

ಹೊಸ ಕಾರುಗಳಲ್ಲಿ ಅಡಾಸ್ ಇದೆಯಲ್ಲ ಅಂತೀರಾ? ಅದರ ಕ್ಯಾಮೆರಾಗೂ ನಮ್ಮ ಕಣ್ಣಿನ ಕಷ್ಟವೇ. ಲೈಡಾರ್‌ನ ಬೆಳಕು ಮಂಜಿನ ಹನಿಗಳಿಗೆ ಬಡಿದು ಚೆದುರಿಹೋಗುತ್ತೆ. ರೇಡಾರ್ ಮಂಜಿನಲ್ಲೂ ಹಾದುಹೋಗುತ್ತೆ, ಆದ್ರೆ ಮುಂದಿರೋದು ಏನು ಅಂತ ಕ್ಯಾಮೆರಾದಷ್ಟು ಸ್ಪಷ್ಟವಾಗಿ ಹೇಳಲ್ಲ. ಹೈ ಬೀಮ್ ಹಾಕಿದ್ರೂ ಬೆಳಕು ವಾಪಸ್ ನಮ್ಮ ಕಣ್ಣಿಗೇ ಹೊಡೆಯುತ್ತೆ.

ಅವತ್ತು ಮಧ್ಯಾಹ್ನ ಆಫೀಸಲ್ಲೂ ಇದೇ ಲೆಕ್ಕ ನೆನಪಾಯ್ತು. ನಮ್ಮ ಟೀಮ್‌ಗೆ ಹೊಸದಾಗಿ ಸೇರಿದ ಹುಡುಗ ಎಐ ಸಹಾಯದಿಂದ ಪೇಮೆಂಟ್‌ಗೆ ಸಂಬಂಧಿಸಿದ ಮುನ್ನೂರು ಸಾಲು ಕೋಡ್ ಅರ್ಧ ಗಂಟೆಯಲ್ಲಿ ಮುಗಿಸಿದ್ದ. ಟೆಸ್ಟ್ ಎಲ್ಲಾ ಪಾಸ್, ಸ್ಕ್ರೀನ್ ತುಂಬಾ ಹಸಿರು. ಕೂತು ಓದಿದಾಗ ಒಂದು ಕಡೆ ಕಣ್ಣು ನಿಂತಿತು. ಸರ್ವರ್‌ನಿಂದ ಉತ್ತರ ತಡವಾದ್ರೆ ಅದೇ ಪೇಮೆಂಟನ್ನ ಮತ್ತೆ ಕಳಿಸ್ತಿತ್ತು. ಮೊದಲನೇದು ಆಗಲೇ ಹೋಗಿದ್ರೆ ಗ್ರಾಹಕರ ಖಾತೆಯಿಂದ ಎರಡು ಸಲ ದುಡ್ಡು ಕಟ್. ಹುಡುಗ ಜಾಣ, ಕೇಳಿದ ಕೂಡಲೇ ಅವನಿಗೂ ಹೊಳೀತು. ಅವನಿಗೆ ಸಿಗದೇ ಇದ್ದದ್ದು ಓದೋಕೆ ಟೈಮ್. ಎಐ ಬಂದ ಮೇಲೆ ಎಲ್ಲರ ಟಾರ್ಗೆಟ್ ಜಾಸ್ತಿಯಾಗಿದೆ, ಓದುವ ಸಮಯ ಮಾತ್ರ ಯಾರ ಪ್ಲಾನ್‌ನಲ್ಲೂ ಇಲ್ಲ.

ನಾನು ಎಐ ವಿರೋಧಿ ಅಲ್ಲ, ದಿನಾ ಬಳಸ್ತೀನಿ. ನನ್ನ ವಾದ ಇಷ್ಟೇ: ಎಷ್ಟು ದೂರ ಕಾಣುತ್ತೋ ಅಷ್ಟಕ್ಕೆ ತಕ್ಕ ವೇಗ. ಓದಿ ಅರ್ಥ ಮಾಡಿಕೊಳ್ಳುವಷ್ಟೇ ಕೋಡ್ ಮುಂದೆ ಕಳಿಸೋಣ. ಇಲ್ಲದಿದ್ರೆ ಗುದ್ದಿಸಿಕೊಳ್ಳೋರು ನಾವಲ್ಲ, ಬೇರೆ ಯಾರೋ.

ರಸ್ತೆಯಲ್ಲಿ ಆ ‘ಬೇರೆ ಯಾರೋ’ ಯಾರು ಅಂತ ನನಗೆ ಗೊತ್ತು. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ಓಡಾಡುವಂತಿಲ್ಲ. ಅವರೆಲ್ಲ ಸರ್ವಿಸ್ ರಸ್ತೆಗೆ ಬಂದಿದ್ದಾರೆ. ಹಾಲಿನ ಕ್ಯಾನ್ ಕಟ್ಟಿಕೊಂಡವರು, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವವರು, ಬಿಡದಿಯ ಫ್ಯಾಕ್ಟರಿ ಶಿಫ್ಟಿಗೆ ಹೋಗುವವರು. ಇವರಿಗೆ ಅಡಾಸೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಮುಖ್ಯ ಪಥದಿಂದ ಅದೇ ವೇಗದಲ್ಲಿ ಸರ್ವಿಸ್ ರಸ್ತೆಗೆ ಇಳಿಯುವ ಕಾರಿಗೆ ಮೊದಲು ಎದುರಾಗೋದು ಇವರೇ.

ಹಾಗಾಗಿ ಈ ಚಳಿಗಾಲಕ್ಕೆ ಒಂದಿಷ್ಟು ವಿಷಯ. ಲೋ ಬೀಮ್ ಮತ್ತು ಫಾಗ್ ಲ್ಯಾಂಪ್ ಸಾಕು. ಓಡಿಸುವಾಗ ಹಜಾರ್ಡ್ ಲೈಟ್ ಬೇಡ, ನೀವು ಯಾವ ಕಡೆ ತಿರುಗ್ತೀರಿ ಅಂತ ಹಿಂದಿನವರಿಗೆ ಗೊತ್ತಾಗಲ್ಲ. ನಿಲ್ಲಿಸಲೇಬೇಕಾದ್ರೆ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ, ಮಂಜಿನ ದಿನ ಅದನ್ನೇ ಹಿಡೀರಿ. ಕನಕಪುರ, ಮಾಗಡಿಯವರಿಗೆ ಆ ಭಾಗ್ಯ ಇಲ್ಲ, ಬೈಕ್‌ಗಿಂತ ಬಸ್ಸೇ ವಾಸಿ.

ಟೀಮ್ ಲೀಡ್ ಆಗಿರುವವರಿಗೆ ಒಂದು ಕೋರಿಕೆ. ಮಂಜು ಇದೆ ಅಂತ ಮೆಸೇಜ್ ಬಂದ್ರೆ ಮ್ಯಾಪ್ ತೆಗೆದು ಸ್ಕ್ರೀನ್‌ಶಾಟ್ ಕಳಿಸಬೇಡಿ. ‘ನಿಧಾನಕ್ಕೆ ಬನ್ನಿ’ ಅಂತ ಎರಡೇ ಪದ ಟೈಪ್ ಮಾಡಿ. ನಮ್ಮ ಟೀಮ್‌ನಲ್ಲಿ ಈಗ ಡಿಸೆಂಬರ್, ಜನವರಿ ಎರಡು ತಿಂಗಳು ಬೆಳಗಿನ ಮೀಟಿಂಗ್ ಹತ್ತೂವರೆಗೆ. ಇದುವರೆಗೆ ಯಾವ ಕೆಲಸವೂ ನಿಂತಿಲ್ಲ.