ಗೊಂಬೆ ಮೆಟ್ಟಿಲ ಕೆಳಗಿನ ಕಾಡು

ನವರಾತ್ರಿಗೆ ಗೊಂಬೆ ಕೂರಿಸುವ ಮನೆಗಳು ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಈಗಲೂ ಇವೆ. ನೋಡಲು ಬಂದ ಹಿರಿಯರ ಕಣ್ಣು ಮೇಲಿನ ಮೆಟ್ಟಿಲ ಪಟ್ಟದ ಗೊಂಬೆಗಳ ಮೇಲೆ, ಅವುಗಳ ಸೀರೆ, ಪೇಟ, ಒಡವೆಗಳ ಮೇಲೆ. ಬೊಂಬೆ ಬಾಗಿನಕ್ಕೆ ಬಂದ ಮಕ್ಕಳು ಮಾತ್ರ ನೆಲದ ಮೇಲೆಯೇ ಕೂತುಬಿಡುತ್ತಾರೆ. ಅಲ್ಲಿರುವುದು ಕಾಡು.

ಈ ಕಾಡಿನ ಕೆಲಸ ಮಹಾಲಯ ಅಮಾವಾಸ್ಯೆಗೂ ಮುಂಚೆ ಶುರುವಾಗುತ್ತದೆ. ಅಗಲವಾದ ತಟ್ಟೆಯಲ್ಲಿ ಮಣ್ಣು ಹರಡಿ, ನೆನೆಸಿದ ರಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸಬೇಕು. ಹಬ್ಬದ ಹೊತ್ತಿಗೆ ಪೈರು ಎದ್ದಿರುತ್ತದೆ. ಸಾಸಿವೆ, ಮೆಂತ್ಯ ಹಾಕುವವರೂ ಉಂಟು. ಬಯಲುಸೀಮೆಯ ಮನೆಗೆ ರಾಗಿಯೇ ಚೆಂದ ಎಂದು ನನಗೆ ಅನ್ನಿಸುತ್ತದೆ. ಕನ್ನಡಿಯ ಅಂಚಿಗೆ ಮರಳು ಸುರಿದರೆ ಕೆರೆ, ಕಲ್ಲು ಪೇರಿಸಿದರೆ ಬೆಟ್ಟ. ಆಮೇಲೆ ಪ್ರಾಣಿಗಳು ಬರುತ್ತವೆ: ಚನ್ನಪಟ್ಟಣದ ಅರಗು ಬಣ್ಣದ ಆನೆ, ಮಣ್ಣಿನ ಹುಲಿ, ಜಾತ್ರೆಯಲ್ಲಿ ಕೊಂಡ ಪ್ಲಾಸ್ಟಿಕ್ ಜಿರಾಫೆ.

ಜಿರಾಫೆ ಇರಲಿ, ಬೇಡವೆನ್ನುವುದಿಲ್ಲ. ಆದರೆ ಹೊಸಕೋಟೆ ಕೆರೆಗೆ ಬರುವ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಈ ಕನ್ನಡಿ ಕೆರೆಯಲ್ಲಿ ಜಾಗವಿಲ್ಲದಿರುವುದು ನನಗೆ ನೋವಿನ ಸಂಗತಿ. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು, ಚೋಳರ ಕಾಲದ್ದೆಂದು ಜನ ನಂಬಿರುವ ತೋಪು, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿನ ಗಂಟುಗಂಟಾದ ಮುದಿ ಮರವೊಂದನ್ನು ಜೇಡಿಮಣ್ಣಿನಲ್ಲಿ ಮಾಡಿ ನಿಲ್ಲಿಸಿದರೆ ಮಕ್ಕಳು ಅದರ ಕಥೆ ಕೇಳದೆ ಬಿಡುವುದಿಲ್ಲ.

ಅಂಗಡಿಯಲ್ಲಿ ಸಿಗದ ಜೀವಗಳನ್ನು ಕಾಗದ ಮಡಿಸಿಯೂ ಮಾಡಬಹುದು. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಆಲಿಸ್ ಗ್ರೇ ಎಂಬ ಕೀಟತಜ್ಞೆ ಇದ್ದರು. ಕ್ರಿಸ್‌ಮಸ್ ಬಂದಾಗ ತಮ್ಮ ಕಚೇರಿಯ ಪುಟ್ಟ ಮರವನ್ನು ಅವರು ಒರಿಗಾಮಿ ಕೀಟಗಳಿಂದ ಸಿಂಗರಿಸುತ್ತಿದ್ದರು. 1970ರ ದಶಕದಿಂದ ಅದು ಇಡೀ ಸಂಗ್ರಹಾಲಯದ ಸಂಪ್ರದಾಯವಾಯಿತು. ಈಗ ಸುಮಾರು 13 ಅಡಿ ಎತ್ತರದ ಮರದ ತುಂಬ ಡೈನೋಸಾರ್, ತಿಮಿಂಗಿಲ, ಚಿಟ್ಟೆಗಳು. ಮಡಿಸುವವರು ಊರೂರಿನ ಸ್ವಯಂಸೇವಕರು, ಆಕಾರಗಳು ಅಲ್ಲಿನ ಪ್ರದರ್ಶನಗಳಿಂದಲೇ ಬಂದವು.

ದಸರೆಗೆ ಮೈಸೂರಿಗೆ ಹೋಗುವವರು ಕಾರಂಜಿ ಕೆರೆಯ ದಡದಲ್ಲಿ 1995ರಿಂದ ಇರುವ ಪ್ರಾದೇಶಿಕ ನಿಸರ್ಗ ವಿಜ್ಞಾನ ಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಲಿ. ಯಾವ ಪ್ರಾಣಿ ಯಾವ ಗಿಡದ ಬಳಿ, ಎಂಥ ನೆಲದಲ್ಲಿ ಬದುಕುತ್ತದೆ ಎಂದು ಅಲ್ಲಿನ ಮಾದರಿಗಳನ್ನು ನೋಡಿ ಗುರುತು ಹಾಕಿಕೊಂಡು ಬಂದರೆ, ಮುಂದಿನ ವರ್ಷದ ಕಾಡನ್ನು ಮಕ್ಕಳ ಕೈಗೇ ಬಿಡಬಹುದು.