ರಾತ್ರಿ ಆ ನೀಲಿ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಡುರಾತ್ರಿ ದೀಪ ಹಾಕಿದರೆ ನಮ್ಮನೆಯ ನಿಯಾನ್ ಟೆಟ್ರಾ ಮೀನುಗಳು ಬಣ್ಣ ಕಳೆದುಕೊಂಡು ಪೇಲವವಾಗಿರುತ್ತವೆ. ಕಾಯಿಲೆಯೇ?

ಉತ್ತರ: ಗಾಬರಿ ಬೇಡ, ಅವು ನಿದ್ದೆಯಲ್ಲಿವೆ. ಬೆಳಕಿಗೆ ಒಗ್ಗಿಕೊಳ್ಳುವ ಹೊತ್ತಿಗೆ ಮೈಮೇಲಿನ ಪಟ್ಟೆಯ ನೀಲಿ ತಾನಾಗಿ ಮರಳುತ್ತದೆ.

ನಿಜ ಹೇಳಬೇಕೆಂದರೆ ಆ ನೀಲಿ ಬಣ್ಣವೇ ಅಲ್ಲ. ನವಿಲುಗರಿಯಂತೆ ಬೆಳಕಿನ ಆಟ. ಪಟ್ಟೆಯ ಜೀವಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ತೆಳ್ಳನೆಯ ಹರಳುಗಳು ಇಸ್ಪೀಟ್ ಎಲೆಗಳ ಹಾಗೆ ಸಾಲಾಗಿ ನಿಂತಿವೆ. ಅವುಗಳ ಓರೆ, ನಡುವಿನ ಸಂದು ಒಂದಿಷ್ಟು ಬದಲಾದರೂ ಹೊಮ್ಮುವ ಬಣ್ಣ ಬೇರೆ. ಕತ್ತಲಾದಾಗ ಆ ಜೋಡಣೆ ಸರಿದು ನೀಲಿ ಮಂಕಾಗುತ್ತದೆ. ಮೈಯ ಹಿಂಭಾಗದ ಕೆಂಪು ಮಾತ್ರ ನಿಜವಾದ ವರ್ಣದ್ರವ್ಯ.

ಮೂರು ಸೆಂಟಿಮೀಟರ್ ಚಿಲ್ಲರೆಯ ಈ ಮೀನಿನ ತವರು ಅಮೆಜಾನ್ ನದಿಯ ಮೇಲ್ಭಾಗ. ಕೊಳೆತೆಲೆಗಳಿಂದ ಚಹಾದ ಡಿಕಾಕ್ಷನ್‌ನಂತಾದ ನೀರಿನಲ್ಲೂ ಆ ಪಟ್ಟೆ ಹೊಳೆಯುತ್ತದೆ. ವಿಜ್ಞಾನ ಈ ಮೀನಿಗೆ ಹೆಸರಿಟ್ಟದ್ದು 1936ರಲ್ಲಿ.

ಹಗಲಲ್ಲೂ ಮೈಮೇಲೆ ಬಿಳಿಚಿದ ಮಚ್ಚೆ ಉಳಿದು, ಮೀನು ಗುಂಪು ಬಿಟ್ಟು ಒಂಟಿಯಾಗಿ ಈಜುತ್ತಿದ್ದರೆ ಮಾತ್ರ ಕಾಯಿಲೆಯೆಂದು ಶಂಕಿಸಿ ಅದನ್ನು ಬೇರೆ ತೊಟ್ಟಿಗೆ ಹಾಕಿ.