ತೆಂಗಿನ ಗರಿ ಕಪ್ಪಾದರೆ ಕೀಟನಾಶಕ ಹೊಡೆಯಲೇಬೇಕೇ?

‘ತೆಂಗಿನ ಗರಿ ಕಪ್ಪಾಗುತ್ತಿದೆಯೇ? ಕೂಡಲೇ ವಿಷ ಸಿಂಪಡಿಸಿ, ಇಲ್ಲದಿದ್ದರೆ ತೋಟವೇ ಹೋದೀತು!’ ಈ ಧಾಟಿಯ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಎಷ್ಟೋ ತೆಂಗಿನ ಮರಗಳಿರುವುದು ಮನೆಯಂಗಳದಲ್ಲಿ, ಬಾವಿಯ ಪಕ್ಕದಲ್ಲಿ. ಆದ್ದರಿಂದ ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ತಡೆಯಿರಿ.

ಆ ಮಸಿಗೂ ಮೊಬೈಲ್ ಟವರ್‌ಗೂ ಸಂಬಂಧವಿಲ್ಲ. ರುಗೋಸ್ ಸುರುಳಿ ಬಿಳಿನೊಣ ಗರಿಯ ಅಡಿಭಾಗದಲ್ಲಿ ಕೂತು ರಸ ಹೀರಿ, ಅಂಟಾದ ಸಿಹಿದ್ರವ ಹೊರಹಾಕುತ್ತದೆ. ಅದು ಕೆಳಗಿನ ಗರಿ, ಬಾಳೆ ಎಲೆಗಳ ಮೇಲೆ ಬಿದ್ದಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯೊಳಗೆ ಇಳಿಯುವುದಿಲ್ಲ, ಆದರೆ ಬಿಸಿಲು ತಡೆಯುತ್ತದೆ.

ಮಧ್ಯ ಅಮೆರಿಕ ಕಡೆಯ ಈ ನೊಣ ಭಾರತದಲ್ಲಿ ಮೊದಲು ಪತ್ತೆಯಾದದ್ದು 2016ರಲ್ಲಿ, ತಮಿಳುನಾಡು ಮತ್ತು ಕೇರಳದ ತೆಂಗಿನ ತೋಟಗಳಲ್ಲಿ. ಬಳಿಕ ನಮ್ಮ ಕರಾವಳಿಗೂ ಹಬ್ಬಿತು. ಸ್ವಾರಸ್ಯವೆಂದರೆ ಅದರ ಶತ್ರುವೂ ಯಾರೂ ಕರೆಯದೆಯೇ ಬಂದಿತ್ತು: ಎನ್ಕಾರ್ಸಿಯಾ ಗ್ವಾಡೆಲೂಪೆ ಎಂಬ ಕಣಜ. ಒಂದು ಮಿಲಿಮೀಟರ್‌ನಷ್ಟೂ ಇಲ್ಲದ ಇದು ಮನುಷ್ಯರನ್ನು ಕಚ್ಚುವುದಿಲ್ಲ. ಬಿಳಿನೊಣದ ಮರಿಯೊಳಗೆ ಮೊಟ್ಟೆ ಇಡುತ್ತದೆ. ಕಣಜದ ಮರಿ ಅದನ್ನು ಒಳಗಿನಿಂದಲೇ ತಿಂದು, ದೊಡ್ಡದಾಗಿ ದುಂಡನೆಯ ತೂತು ಕೊರೆದು ಹೊರಬರುತ್ತದೆ.

ಎಡವಟ್ಟಾಗುವುದು ಇಲ್ಲೇ. ಮೊದಲು ಹೆಚ್ಚುವುದು ನೊಣ. ತಿನ್ನಲು ಸಿಕ್ಕಂತೆಲ್ಲ ಕಣಜ ಹೆಚ್ಚುವುದು ಆಮೇಲೆ. ಅಂದರೆ ನಾವು ಗಾಬರಿಯಾಗುವ ಹೊತ್ತಿಗೆ ಕಣಜದ ಸಂಖ್ಯೆಯೂ ಏರುತ್ತಿರುತ್ತದೆ. ಆಗ ವಿಷ ಹೊಡೆದರೆ ಕಣಜ ಸಾಯುತ್ತದೆ. ಮೇಣದ ಹೊದಿಕೆಯಡಿ ಉಳಿದ ನೊಣದ ಮರಿಗಳು ಕಾವಲಿಲ್ಲದ ತೋಟದಲ್ಲಿ ಮತ್ತೆ ಹೆಚ್ಚುತ್ತವೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಈ ನೊಣಕ್ಕೆ ರಾಸಾಯನಿಕ ಕೀಟನಾಶಕ ಬೇಡ ಎನ್ನುವುದು ಇದಕ್ಕೇ.

ಪಪ್ಪಾಯಿಯ ಹಿಟ್ಟುತಿಗಣೆಯದೂ ಇಂಥದೇ ಕಥೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕಕ್ಕೂ ಹಬ್ಬಿದ ಅದನ್ನು ಹತೋಟಿಗೆ ತಂದದ್ದು 2010ರಲ್ಲಿ ಪೋರ್ಟೊರಿಕೊದಿಂದ ಬೆಂಗಳೂರಿಗೆ ತರಿಸಿದ ಪುಟ್ಟ ಕಣಜ.

ನಿಮ್ಮ ತೋಟದಲ್ಲಿ ಕಣಜ ಇದೆಯೇ? ಗರಿಯ ಅಡಿಭಾಗದ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಮರಿಗಳ ಬೆನ್ನಲ್ಲಿ ದುಂಡು ತೂತುಗಳಿದ್ದರೆ ಕಣಜ ಕೆಲಸ ಮಾಡುತ್ತಿದೆ ಎಂದರ್ಥ. ನೊಣವೇ ಹೊರಬಂದಿದ್ದರೆ ಚಿಪ್ಪು ಸೀಳಿರುತ್ತದೆ. ಕಣಜವಿರುವ ಗರಿಯ ತುಂಡುಗಳನ್ನು ಕಣಜವಿಲ್ಲದ ತೋಟದಲ್ಲಿ ಕಟ್ಟಬಹುದು. ಮಸಿಗೆ ಶೇಕಡಾ 1ರ ಗಂಜಿ, ಅಂದರೆ ಲೀಟರ್ ನೀರಿಗೆ 10 ಗ್ರಾಂ ಪಿಷ್ಟ ಕಾಯಿಸಿ, ಆರಿಸಿ ಸಿಂಪಡಿಸಿ; ಒಣಗಿದಾಗ ಮಸಿ ಸಮೇತ ಪದರ ಉದುರುತ್ತದೆ. ನೊಣ ಪೂರ್ತಿ ಮಾಯವಾಗದು, ಹದ್ದುಬಸ್ತಿನಲ್ಲಿರುತ್ತದೆ.

ಕಾಂಡದಿಂದ ಕಂದು ರಸ ಸೋರುತ್ತಿದ್ದರೆ ಮಾತ್ರ ಕಾಯಬೇಡಿ. ಅದು ಕೆಂಪುಮೂತಿ ಹುಳುವೋ ಕಾಂಡ ಸೋರುವ ರೋಗವೋ ಆಗಿರಬಹುದು. ತಾಲ್ಲೂಕಿನ ತೋಟಗಾರಿಕೆ ಇಲಾಖೆಯವರಿಗೆ ಕೂಡಲೇ ತೋರಿಸಿ.